ಹಿತ್ತಿಲ ಕಾಯಿಪಲ್ಯದ ಬೇಸಾಯ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಗಳ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿರುವುದು. ಮಳೆ ತಪ್ಪಿದ ವರ್ಷ ಮನೆಯಲ್ಲಿ ಜೋಳವಿದ್ದರೂ ಕಾಯಿಪಲ್ಯಕ್ಕೆ ಸಂತೆಯಲ್ಲಿ ಹಣ ತೆರಬೇಕಾಗುವುದು. ಹಣವಿಲ್ಲದವನ ಮಕ್ಕಳು ಬರಿಯ ರೊಟ್ಟಿಯನ್ನುಣ್ಣುವರು. ಸೊಪ್ಪು ಕಾಣದ ಊಟದಿಂದ ಇರುಳುಗುರುಡು ಮೊದಲಾದ ಬೇನೆಗಳು ತಲೆದೋರಬಹುದು.

ಒಂದು ಗುಂಟೆ, ಎಂದರೆ 33 ಅಡಿ ಚೌಕದ ಹಿತ್ತಿಲು, ಈ ಖರ್ಚಿನ ಬಹುಭಾಗವನ್ನು ಉಳಿಸಬಲ್ಲದು. ಅಂಚಿನಲ್ಲಿ 2 ಅಡಿ ಆಳದ ಕುಣಿ ತೋಡಿ ನುಗ್ಗೆಯ ಟೊಂಗೆಯನ್ನು ನೆಡತಕ್ಕದ್ದು. ಅದರ ಕಾಯಿಯಂತೆ ಸೊಪ್ಪೂ ಪುಷ್ಟಿಕರವು. ಬೇಲಿಗೆ ಹೀರೆ, ಅವರೆಗಳನ್ನು ಹಬ್ಬಿಸಬೇಕು. ನಡುವೆ 4 ಮಡಿಗಳನ್ನು ಮಾಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಬೇಕು. ಮೆಂತೆಯು ಸುಮಾರು 30 ದಿವಸಗಳಲ್ಲಿ ಕೀಳಲು ಬರುವುದು. ಆದುದರಿಂದ ಎಲ್ಲವನ್ನೂ ಒಮ್ಮೆಲೇ ಬಿತ್ತದೆ ವಾರಕ್ಕೊಂದು ಮಡಿಯಂತೆ ಬಿತ್ತಿದರೆ ಪ್ರತಿ ವಾರವೂ ಸೊಪ್ಪು ದೊರೆಯುವುದು.

ಎರೆಭೂಮಿಯಲ್ಲಿ ನೀರು ನಿಂತು ಬೇರು ಕೊಳೆಯದಂತೆ ಮಡಿಗಳನ್ನು ಎತ್ತರಿಸಬೇಕು. ಮಸಾರಿಯಲ್ಲಿ ತಗ್ಗು ಮಾಡಿ, ತೇವ ಆರದಂತೆ ಒಣಗಿದ ಎಲೆಗಳನ್ನು ಹೊದಿಸಬೇಕು. ಬಚ್ಚಲ ನೀರನ್ನು ನುಗ್ಗೆ, ಬಾಳೆಗಳ ಬುಡಕ್ಕೆ ತಿರುಗಿಸತಕ್ಕದ್ದು; ಸೊಪ್ಪಿನ ಮಡಿಗೆ ಅದು ತಾಗಕೂಡದು.

ಊರ ಗೌಡರು ಮೊದಲು ತಮ್ಮ ಹಿತ್ತಿಲಲ್ಲಿಯೇ ಇದನ್ನು ಮಾಡಿ ತೋರಿಸಿ, ನೆರೆಯವರಿಗೆ ಬೀಜವನ್ನೂ ನುಗ್ಗೆಯ ಟೊಂಗೆಯನ್ನೂ ಹಂಚುವುದು ಲೇಸು. ಕಣ್ಣಾರೆ ಕಂಡದ್ದನ್ನೇ ಒಕ್ಕಲಿಗನು ನಂಬುವನು.