ಬ್ಯಾಟರಿ ಬದಲಿಸುವ ಮುಂಚೆ ವೈರು ನೋಡಿ



ಸಂಘದ ಸಾಲದಲ್ಲಿ ಹಳೆ ವ್ಯಾನ್ ಕೊಂಡು ವ್ಯಾಪಾರ ಮಾಡುವವರು ನಮ್ಮಲ್ಲಿ ಇದ್ದಾರೆ. ಹೇಮಗಿರಿ ದನಗಳ ಜಾತ್ರೆಗೆ ಚಕ್ಕುಲಿ, ನಿಪ್ಪಟ್ಟು ತುಂಬಿಕೊಂಡು ಹೊರಟ ಅಂಥ ಒಂದು ಗಾಡಿ, ಸಂಜೆ ಹೆಡ್‌ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ದಾರಿಯಲ್ಲೇ ನಿಂತಿತು. ಹೊಸ ಬ್ಯಾಟರಿ ಹಾಕಿಸಿ ಮೂರೇ ವಾರ ಆಗಿತ್ತು. "ಬ್ಯಾಟರಿನೂ ಹೋಯ್ತು, ದುಡ್ಡೂ ಹೋಯ್ತು ಸಿಸ್ಟರ್" ಅಂತ ಅತ್ತರು. ಎಲೆಕ್ಟ್ರಿಷಿಯನ್ ಜೊತೆ ಕೂತು ನೋಡಿದಾಗ ಬ್ಯಾಟರಿ ಹಾಳಾಗಿರಲಿಲ್ಲ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ನಟ್ ಸಡಿಲವಾಗಿ ತುದಿ ಸುಟ್ಟಿತ್ತು.

ಬ್ಯಾಟರಿ ನಮ್ಮ ಉಳಿತಾಯ ಖಾತೆ ಇದ್ದಹಾಗೆ. ಇಂಜಿನ್ ತಿರುಗುವಾಗ ಆಲ್ಟರ್ನೇಟರ್ ಅದಕ್ಕೆ ಕಂತು ಕಟ್ಟುತ್ತದೆ. ಕಂತು ನಿಂತರೆ ಎಷ್ಟು ಹೊಸ ಖಾತೆ ತೆರೆದರೂ ಖಾಲಿಯೇ.

ಪರೀಕ್ಷಿಸುವ ಕ್ರಮ:

1. ಕೀ ತಿರುಗಿಸಿದಾಗ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಆರಬೇಕು. ಆರದಿದ್ದರೆ ಚಾರ್ಜ್ ಆಗುತ್ತಿಲ್ಲ. ಮೊದಲೇ ಹತ್ತದಿದ್ದರೂ ತೋರಿಸಿ. ಹಲವು ಹಳೆ ಗಾಡಿಗಳಲ್ಲಿ ಆ ಬಲ್ಬಿನ ಮೂಲಕ ಬರುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು.

2. ಇಂಜಿನ್ ನಿಲ್ಲಿಸಿ ಬೆಲ್ಟ್ ನೋಡಿ. ಸಡಿಲವೇ, ಬಿರುಕು ಬಿಟ್ಟಿದೆಯೇ?

3. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಅರ್ತ್ ವೈರ್ ಬಾಡಿಗೆ, ಇಂಜಿನ್ನಿಗೆ ಬಿಗಿಯಾಗಿ ಕೂತಿದೆಯೇ?

4. ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು ಬ್ಯಾಟರಿಗೆ ಹಿಡಿಯಿರಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ. ಇಂಜಿನ್ ಓಡುವಾಗ 13.8ರಿಂದ 14.5 ಬರಬೇಕು. 12ರ ಆಸುಪಾಸಲ್ಲೇ ನಿಂತರೆ ಚಾರ್ಜ್ ಇಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರಬಹುದು, ಬ್ಯಾಟರಿ ಕುದಿಯುತ್ತದೆ. ಕಂಪ್ಯೂಟರ್ ಹತೋಟಿಯ ಹೊಸ ಗಾಡಿಗಳಲ್ಲಿ ಈ ಅಂಕಿ ಏರಿಳಿಯಬಹುದು.

5. ಬ್ಯಾಟರಿ ಹತ್ತಿರ 12.5 ಇದ್ದು, ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ತೋರಿದರೆ, ದೋಷ ನಡುವಿನ ವೈರಿನಲ್ಲೋ ಫ್ಯೂಸಿನಲ್ಲೋ ಇದೆ. ಇಂಜಿನ್ ಓಡುವಾಗಿನ ಈ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ನೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ಅಂಕಿ ಓದಿ.

ಎಚ್ಚರ:

ಓಡುವ ಇಂಜಿನ್ ಹತ್ತಿರ ಸೆರಗು, ಜಡೆ ಬಿಡಬೇಡಿ. ಬ್ಯಾಟರಿ ಬಳಿ ಬೀಡಿ, ಬೆಂಕಿಕಡ್ಡಿ ಬೇಡ. ಅದರಿಂದ ಬರುವ ಹೈಡ್ರೋಜನ್ ಅನಿಲ ಸಿಡಿಯುತ್ತದೆ. ವೈರ್ ಬಿಚ್ಚುವ ಮುಂಚೆ ಇಂಜಿನ್ ನಿಲ್ಲಿಸಿ ಮೈನಸ್ ಟರ್ಮಿನಲ್ ತೆಗೆಯಿರಿ. ಇಂಜಿನ್ ಓಡುವಾಗ ಟರ್ಮಿನಲ್ ಕಿತ್ತು ನೋಡುವ ಹಳೇ ಪದ್ಧತಿ ಖಂಡಿತ ಬೇಡ, ಆಲ್ಟರ್ನೇಟರಿನ ಡಯೋಡ್ ಸುಟ್ಟೀತು.

ಆ ಸಹೋದರಿಯರ ಗಾಡಿಗೆ ವೈರಿನ ತುದಿ ಹೊಸದು ಹಾಕಿ ನಟ್ ಬಿಗಿ ಮಾಡಿದ್ದೇ ಆಯಿತು, ಅದೇ ಬ್ಯಾಟರಿ ಮತ್ತೆ ತುಂಬಿತು. ಮೊದಲೇ ಮೀಟರ್ ಹಿಡಿದಿದ್ದರೆ ಹೊಸ ಬ್ಯಾಟರಿಯ ದುಡ್ಡು ಸಾಲದ ಕಂತಿಗೆ ಆಗುತ್ತಿತ್ತು. ಇನ್ನು ಮುಂದೆ "ಬ್ಯಾಟರಿ ಹೋಗಿದೆ" ಅಂತ ಯಾರಾದರೂ ಹೇಳಿದರೆ, "ಮೀಟರ್ ಎಷ್ಟು ತೋರಿಸ್ತು?" ಅಂತ ಧೈರ್ಯವಾಗಿ ಕೇಳಿ.

ಸಭೆಯಲ್ಲಿ ಚರ್ಚಿಸಿ:

1. ನಮ್ಮ ಸಂಘಕ್ಕೆ ಒಂದು ಮಲ್ಟಿಮೀಟರ್ ಕೊಳ್ಳೋಣವೇ? ಯಾರು ಕಲಿಯುತ್ತಾರೆ?
2. ಗಾಡಿ ರಿಪೇರಿ ಖರ್ಚನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಯುತ್ತಿದ್ದೇವೆಯೇ?