ವಂಶಾವಳಿಯೂ ಆಚಾರವೂ

ಪೂರ್ವಜರ ಹಿರಿಮೆಯನ್ನು ಕೇಳಿ ಹಿಗ್ಗುವುದು ಮಾನವಸಹಜವು. ಹೆಳವರು ಮನೆಯಂಗಳಕ್ಕೆ ಬಂದು ತಲೆತಲಾಂತರದ ಹೆಸರುಗಳನ್ನು ಹೇಳುವಾಗ ಗೃಹಸ್ಥರು ಭಕ್ತಿಯಿಂದ ಕೇಳುವರು. ಆದರೆ ಕೇಳಿದುದೆಲ್ಲವೂ ಸಿದ್ಧವಾದುದಲ್ಲ.

ಹಂಪೆಯ ವಿರೂಪಾಕ್ಷ ದೇವಾಲಯದ ಶಾಸನವೇ ಇದಕ್ಕೆ ನಿದರ್ಶನವು. ಕ್ರಿ.ಶ. 1509-10ರ ಆ ಶಾಸನವು ಕೃಷ್ಣದೇವರಾಯನ ವಂಶವನ್ನು ಚಂದ್ರನಿಂದ ತೊಡಗಿ ಬುಧ, ಪುರೂರವ, ಆಯು, ನಹುಷ, ಯಯಾತಿ, ತುರ್ವಸು ಎಂದು ಎಣಿಸುತ್ತದೆ. ಬಳಿಕ ಆ ವಂಶದವನೆಂದಷ್ಟೇ ಹೇಳಿ ತಿಮ್ಮನಿಗೆ ಇಳಿದು, ಅವನ ಮಗ ಈಶ್ವರ, ಈಶ್ವರನ ಮಗ ನರಸ ಎನ್ನುತ್ತದೆ. ನರಸನಾಯಕನು ಇತಿಹಾಸಪುರುಷನು, ತುರ್ವಸು ಪುರಾಣಪುರುಷನು. ಇಬ್ಬರ ನಡುವಣ ತಲೆಮಾರುಗಳಿಗೆ ಹೆಸರೇ ಇಲ್ಲ. ಸಾಳುವರ ಸಿಂಹಾಸನವನ್ನು 1505ರಲ್ಲಿ ತನ್ನದಾಗಿಸಿಕೊಂಡ ಮನೆತನಕ್ಕೆ ಪುರಾಣದ ಆಸರೆ ಬೇಕಾಗಿದ್ದಿತು.

ಆದುದರಿಂದ ಗೃಹಸ್ಥನು ವಂಶಾವಳಿಯನ್ನು ತಿರಸ್ಕರಿಸಬೇಕಾಗಿಲ್ಲ, ಶೋಧಿಸಬೇಕು. ಹೊಲದ ಖಾತೆ, ದಾನಪತ್ರ, ಊರ ಶಾಸನಗಳೊಡನೆ ಒಂದೊಂದು ಹೆಸರನ್ನೂ ಹೋಲಿಸಿ, ತಾಳೆಯಾದುದನ್ನು ಒಂದೆಡೆಯೂ ಬರಿದೆ ಕೇಳಿದುದನ್ನು ಬೇರೊಂದೆಡೆಯೂ ಬರೆದಿಡಬೇಕು. ತಾಳೆಯಾಗದ ಕುಲದ ಹೆಮ್ಮೆಯಿಂದ ಕನ್ಯೆಯನ್ನು ಕೊಡುವ ತರುವ ಮಾತಿನಲ್ಲಿ ಮತ್ತೊಂದು ಮನೆಯನ್ನು ಕೀಳೆಣಿಸುವುದು ಶರಣಧರ್ಮಕ್ಕೆ ದ್ರೋಹವು.

ಬಸವಣ್ಣನವರು ಬ್ರಾಹ್ಮಣ ಮನೆತನದಲ್ಲಿ ಹುಟ್ಟಿಯೂ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನೇ ತಮ್ಮ ಹಿರಿಯರೆಂದು ವಚನದಲ್ಲಿ ಸಾರಿದರು. ಆ ವಂಶಾವಳಿಗೆ ರಕ್ತವು ಆಧಾರವಲ್ಲ, ಆಚಾರವೇ ಆಧಾರವು. ಭಕ್ತನು ತನ್ನ ಮಕ್ಕಳಿಗೆ ಬಿಟ್ಟುಹೋಗಬೇಕಾದುದೂ ಅದನ್ನೇ.