ತೋಟದಲ್ಲಿ ಇಂದು ಏನು ಕಂಡಿರಿ?

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಈಗ ಅದೇ ಹೊತ್ತು. ಸೀತನಿ ತಿನ್ನುವ ದಿನಗಳು ಮುಗಿದು ಬಿಳಿಜೋಳ ಕೊಯ್ಲಿಗೆ ಬಂದಿದೆ. ಬೇವು ಹಳೆಯ ಎಲೆ ಉದುರಿಸಿ ಚಿಗುರುತ್ತಿದೆ, ಹಳ್ಳದ ದಂಡೆಯ ಮುತ್ತಲ ಹೂ ಬಿಟ್ಟಿದೆ. ಬೀಜಕ್ಕೆಂದು ಬಿಟ್ಟ ಉಳ್ಳಾಗಡ್ಡಿ ಬಿಳಿಯ ಹೂಚೆಂಡುಗಳನ್ನು ಎತ್ತಿ ನಿಂತಿದೆ. ನಮಗೆ ಸುಗ್ಗಿಯಾದ ಈ ಕಾಲ ಹಕ್ಕಿ, ಹುಳು, ಹಾವುಗಳಿಗೂ ಚಟುವಟಿಕೆಯ ಕಾಲವೇ ಸರಿ.

ನಮ್ಮೂರಿನಲ್ಲಿ ನಾವು ನಾಲ್ವರು ಗೆಳೆಯರು ಸಂಜೆ ಬಾವಿಕಟ್ಟೆಯ ಮೇಲೆ ಕೂಡುವುದು ರೂಢಿ. ಈ ವರ್ಷ ಅಲ್ಲಿ ಒಂದು ಹೊಸ ಕಟ್ಟಳೆ ಬಂದಿದೆ. ಅಂದು ತನ್ನ ಹೊಲ-ತೋಟದಲ್ಲಿ ಕಂಡ ಒಂದು ಜೀವಿಯ ಸುದ್ದಿಯನ್ನು ಪ್ರತಿಯೊಬ್ಬನೂ ಮೊದಲು ಹೇಳತಕ್ಕದ್ದು. ಉಳಿದ ಮಾತೆಲ್ಲ ಆಮೇಲೆ. ಕೇಳಿದವರು ನಗಬಹುದು. ಆದರೆ ಈ ಕಟ್ಟಳೆ ಹುಟ್ಟಿದ್ದು ಒಂದು ನಷ್ಟದಿಂದ.

ಹೋದ ವರ್ಷ ನಮ್ಮಲ್ಲೊಬ್ಬನು ಅರ್ಧ ಎಕರೆಯಲ್ಲಿ ಉಳ್ಳಾಗಡ್ಡಿ ಬೀಜದ ಬೆಳೆ ಇಟ್ಟಿದ್ದ. ಎಲೆಯ ಸಂದಿಯಲ್ಲಿ ನುಸಿ ಕಂಡಿತೆಂದು, ಹೂ ಅರಳಿದ್ದಾಗಲೇ, ಬಿಸಿಲೇರಿದ ಹೊತ್ತಿನಲ್ಲಿ ಔಷಧಿ ಹೊಡೆದ. ಎಂಟು ದಿನ ಬಿಟ್ಟು ಮತ್ತೊಮ್ಮೆ ಹೊಡೆದ. ಬೆಳೆ ಹಸಿರಾಗಿಯೇ ನಿಂತಿತ್ತು. ಕೊಯ್ಲಿನಲ್ಲಿ ಒಣಗಿದ ಚೆಂಡನ್ನು ಅಂಗೈಯಲ್ಲಿ ತಿಕ್ಕಿದರೆ ಬರೀ ಹೊಟ್ಟು. ಕರಿಯ ಬೀಜ ಬೆರಳೆಣಿಕೆಯಷ್ಟು. ಆಗ ಬದುವಿನಾಚೆಯ ಗೆಳೆಯ ಬಾಯಿಬಿಟ್ಟ:

“ಅಲ್ಲೋ ತಮ್ಮಾ, ನೀ ಮೊದಲನೇ ಸಲ ಔಷಧಿ ಹೊಡೆದ ದಿನಾನ ನನ್ನ ಬೇಲ್ಯಾಗ ಜೇನ್ನೊಣ ಸತ್ತು ಬಿದ್ದಿದ್ದು ಕಂಡಿದ್ದೆ. ಹೇಳೂದು ಮರತೆ.”

“ಆವಾಗ ಹೇಳಿದ್ರ ಎರಡನೇ ಸಲ ಹೊಡೀತಿದ್ದಿಲ್ಲಲ್ಲೋ ಅಣ್ಣಾ!”

ಆ ದಿನದಿಂದ ಕಂಡದ್ದನ್ನು ಹೇಳದೆ ಏಳಬಾರದೆಂದು ನಿಶ್ಚಯವಾಯಿತು. ಹೀಗೆ ಕೂಡಿ ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ.

ಉಳ್ಳಾಗಡ್ಡಿ ಹೂವಿನ ಗುಟ್ಟು

ಉಳ್ಳಾಗಡ್ಡಿಯ ಒಂದು ಚೆಂಡೆಂದರೆ ನೂರಾರು ಚಿಕ್ಕ ಹೂಗಳ ಗುಂಪು. ಇವು ಒಮ್ಮೆಲೇ ಅರಳುವುದಿಲ್ಲ; ದಿನಕ್ಕೆ ಕೆಲವರಂತೆ ಎರಡು ಮೂರು ವಾರ ಅರಳುತ್ತ ಹೋಗುತ್ತವೆ. ಪ್ರತಿ ಹೂವಿನಲ್ಲಿಯೂ ಮೊದಲು ಗಂಡುಭಾಗ ಒಡೆದು ಪರಾಗ ಉದುರುತ್ತದೆ. ಹೆಣ್ಣುಭಾಗ ಸಿದ್ಧವಾಗುವುದು ಒಂದೆರಡು ದಿನ ಕಳೆದ ಮೇಲೆ. ಆದುದರಿಂದ ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟಲಾರದು. ಬೇರೆ ಹೂವಿನ ಪರಾಗವನ್ನು ಯಾರಾದರೂ ತಂದು ಮುಟ್ಟಿಸಬೇಕು. ಆ ಪರಾಗ ಅಂಟಂಟಾಗಿರುವುದರಿಂದ ಗಾಳಿಯಿಂದ ಈ ಕೆಲಸ ಸಾಗದು. ಜೇನ್ನೊಣ ಮತ್ತು ಹೂವಿಗೆ ಬರುವ ಇತರ ನೊಣಗಳೇ ಇದನ್ನು ಮಾಡಬೇಕು. ನಮ್ಮ ಕಡೆ ಬೇಲಿಯ ಕಂಟಿಯಲ್ಲಿ ಅಂಗೈಯಗಲದ ಒಂದೇ ತಟ್ಟಿ ಕಟ್ಟುವ ಕೋಲುಜೇನೂ, ದೊಡ್ಡ ಮರದಲ್ಲಿ ತೂಗುವ ಹೆಜ್ಜೇನೂ ಈ ಕೂಲಿಯಿಲ್ಲದ ಆಳುಗಳು.

ನುಸಿಯನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಹೂ ಅರಳುವ ಮೊದಲೇ ಎಲೆಯ ಸಂದಿ ಬಿಡಿಸಿ ನೋಡಿ, ಬೇಕಾದ ಉಪಾಯವನ್ನು ಆಗಲೇ ಮಾಡಿ ಮುಗಿಸಬೇಕು. ಹೂವಿದ್ದಾಗ ಹೊಡೆಯದಿರುವುದೇ ಮೇಲು. ತೀರ ಅನಿವಾರ್ಯವಾದರೆ, ಜೇನಿಗೆ ಕಡಿಮೆ ಕೇಡು ಮಾಡುವ ಔಷಧಿ ಯಾವುದೆಂದು ಕೃಷಿ ಅಧಿಕಾರಿಗಳಿಂದ ತಿಳಿದುಕೊಂಡು, ನೊಣಗಳು ಗೂಡು ಸೇರಿದ ಮೇಲೆ, ಹೊತ್ತು ಮುಳುಗಿದಾಗ ಹೊಡೆಯಬೇಕು. ಬೇಲಿಯ ಕಂಟಿಯಾಚೆಯ ಗೆಳೆಯನಿಗೆ ಹಿಂದಿನ ದಿನವೇ ತಿಳಿಸಬೇಕು.

ಡಬ್ಬಿಯ ಮೇಲೆ ಮುದ್ರಿಸಿದ ಬಣ್ಣದ ಗುರುತನ್ನು ಎಲ್ಲರೂ ನೋಡಿರುತ್ತೀರಿ. ಕೆಂಪು ಎಲ್ಲಕ್ಕೂ ಕಡುವಿಷ. ಆಮೇಲೆ ಹಳದಿ, ನೀಲಿ, ಹಸಿರು ಎಂದು ವಿಷ ಇಳಿಯುತ್ತ ಹೋಗುತ್ತದೆ. ಆದರೆ ಈ ಲೆಕ್ಕ ಮನುಷ್ಯನ ಅಪಾಯಕ್ಕೆ ಹಾಕಿದ್ದು. ಹಸಿರು ಗುರುತಿದೆ, ಜೇನಿಗೂ ಕೇಡಿಲ್ಲ ಎಂದು ತಿಳಿದರೆ ಮೋಸವಾದೀತು. ಡಬ್ಬಿಯ ಜೊತೆಗಿನ ಕಾಗದವನ್ನೇ ಓದಬೇಕು, ಓದಲು ಬಾರದಿದ್ದರೆ ಓದಿಸಿಕೊಳ್ಳಬೇಕು. ಮರಾಠಿಯಲ್ಲಿದ್ದರೆ ‘ಮಧಮಾಶಿ’ ಎಂಬ ಮಾತನ್ನು ಹುಡುಕಿರಿ. ಜೇನ್ನೊಣಕ್ಕೆ ಅವರು ಹೇಳುವ ಹೆಸರು ಅದು.

ಜೇನು ಸಾಕಷ್ಟು ಬರುತ್ತಿದೆಯೇ ಎಂದು ತಿಳಿಯುವ ಸುಲಭ ಪಾಠ ಹೀಗಿದೆ. ಮುಂಜಾನೆ ಹತ್ತರ ಸುಮಾರಿಗೆ ಹತ್ತು ಚೆಂಡುಗಳೆದುರು ಐದು ನಿಮಿಷ ಸುಮ್ಮನೆ ನಿಂತು, ಬಂದು ಕುಳಿತ ನೊಣಗಳನ್ನು ಎಣಿಸಿ ಬರೆದಿಡಿರಿ. ಮೂರು ದಿನಕ್ಕೊಮ್ಮೆ ಅದೇ ಹೊತ್ತಿಗೆ ಎಣಿಸಿರಿ. ಎಣಿಕೆ ತಟ್ಟನೆ ಇಳಿದರೆ, ಸುತ್ತಲಿನ ಯಾರು ಏನು ಹೊಡೆದರೆಂದು ಅಂದೇ ಸಂಜೆ ಕೇಳಿರಿ.

ಬಾವಿಯ ಗೂಗೆ

ಈ ಫಾಲ್ಗುಣದ ಮೊದಲ ಸುದ್ದಿ ಬಂದದ್ದು ಹಾಳುಬಾವಿಯಿಂದ. ಕಲ್ಲುಕಟ್ಟಡದ ಪೊಟರೆಯಲ್ಲಿ ಬಿಳಿಮುಖದ ಗೂಗೆಯ ಜೋಡಿ ಸೇರಿಕೊಂಡಿದೆ. “ಅಪಶಕುನ, ಪೊಟರಿ ಮುಚ್ಚಿಬಿಡ್ರಿ” ಎಂದ ಒಬ್ಬ. ಮುಚ್ಚುವ ಮೊದಲು ಅದರ ಊಟ ಏನೆಂದು ನೋಡೋಣವೆಂದು ಮಿಕ್ಕವರು ತಡೆದರು.

ಗೂಗೆ ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗಿ, ಅರಗದ ಕೂದಲು ಮತ್ತು ಎಲುಬನ್ನು ಉಂಡೆ ಮಾಡಿ ಉಗುಳುತ್ತದೆ. ಅದು ಕೂಡುವ ಜಾಗದ ಕೆಳಗೆ ಈ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಬಾವಿಗೆ ಇಳಿಯುವ ಸಾಹಸ ಬೇಡ; ದಂಡೆಯ ಮರದ ಕೆಳಗೆ ಸಿಕ್ಕ ಉಂಡೆಗಳನ್ನೇ ಕಡ್ಡಿಯಿಂದ ಆರಿಸಿ, ನೀರಿನಲ್ಲಿ ನೆನೆಸಿ ಬಿಡಿಸಿದೆವು. ನಾಲ್ಕು ಉಂಡೆಗಳಲ್ಲಿ ಒಂಬತ್ತು ಇಲಿಬುರುಡೆ! ಅಪಶಕುನವೆಂದವನೇ ಬೆರಳು ಮಡಿಚಿ ಎಣಿಸಿದ. ಜೋಳದ ರಾಶಿ ಮನೆ ಸೇರುವ ಈ ಹೊತ್ತಿನಲ್ಲಿ ಅಂಥ ಕಾವಲುಗಾರನನ್ನು ಓಡಿಸುವವರಾರು? ಕೆಲಸವಾದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕೆಂಬುದನ್ನು ಮಕ್ಕಳಿಗೆ ಹೇಳಲು ಮರೆಯಬಾರದು.

ಇಲ್ಲಿಯೂ ಒಂದು ಎಚ್ಚರಿಕೆ ಉಂಟು. ಇಲಿಪಾಷಾಣ ತಿಂದ ಇಲಿಯನ್ನು ಗೂಗೆ ತಿಂದರೆ ಗೂಗೆಯೂ ಸಾಯಬಹುದು. ಪಾಷಾಣ ಇಟ್ಟವನು ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳತಕ್ಕದ್ದು.

ಬಣವೆಯ ಹಾವು

ಕಣಕಿಯ ಬಣವೆಯಲ್ಲಿ ಕಾಣುವ ಉದ್ದನೆಯ ಹಾವು ಹಲವು ಸಲ ಕೇರೆಯೇ ಆಗಿರುತ್ತದೆ. ಅದಕ್ಕೆ ವಿಷವಿಲ್ಲ, ಇಲಿ ಅದರ ಮುಖ್ಯ ಆಹಾರ. ಅದಕ್ಕೆ ಹೆಡೆ ಇಲ್ಲ, ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೆರೆಗಳುಂಟು. ಆದರೆ ಈ ಗುರುತು ಹಿಡಿಯಲು ಹತ್ತಿರ ಹೋಗುವುದು ಜಾಣತನವಲ್ಲ. ನಾಗರವೂ ಸದಾ ಹೆಡೆ ಎತ್ತಿಕೊಂಡಿರುವುದಿಲ್ಲ. ದೂರ ನಿಂತು ಅದಕ್ಕೆ ಹೋಗಲು ದಾರಿ ಬಿಡಿರಿ. ಬಣವೆಗೆ ಕೈಹಾಕುವ ಮೊದಲು ಕೋಲಿನಿಂದ ಬಡಿಯಿರಿ. ಹಾವು ಕಚ್ಚಿದರೆ ಮಂತ್ರಕ್ಕೆ ಹೊತ್ತುಗಳೆಯದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಕೇರೆಯನ್ನೂ ಗೂಗೆಯನ್ನೂ ಕೊಲ್ಲುವುದನ್ನು 1972ರ ವನ್ಯಜೀವಿ ಸಂರಕ್ಷಣೆ ಕಾಯ್ದೆ ನಿಷೇಧಿಸಿದೆಯೆಂಬುದೂ ತಿಳಿದಿರಲಿ.

ಎಲ್ಲರೂ ಮಿತ್ರರಲ್ಲ

ತೋಟಕ್ಕೆ ಬರುವ ಜೀವಿಗಳೆಲ್ಲ ಉಪಕಾರಿಗಳೆಂದು ಹೇಳಿದರೆ ಸುಳ್ಳಾದೀತು. ನಸುಗೆಂಪು ಮೈಯ, ಕಪ್ಪು ತಲೆಯ ಕಬ್ಬಕ್ಕಿಗಳ ಹಿಂಡು ಚಳಿಗಾಲಕ್ಕೆ ಮಧ್ಯ ಏಷ್ಯದ ಕಡೆಯಿಂದ ನಮ್ಮ ಹೊಲಗಳಿಗೆ ಬಂದು, ಬೇಸಿಗೆ ಏರುವ ಹೊತ್ತಿಗೆ ಮರಳುತ್ತದೆ. ಮಿಡಿತೆಯನ್ನು ತಿನ್ನುವ ಈ ಹಕ್ಕಿ ಜೋಳದ ತೆನೆಯನ್ನೂ ಬಿಡುವುದಿಲ್ಲ. ಅದಕ್ಕೆ ಅಟ್ಟದ ಮೇಲಿನ ಕಾವಲು ಬೇಕೇ ಬೇಕು. ಕಬ್ಬಕ್ಕಿ ಇಂದು ಯಾವ ದಿಕ್ಕಿಗೆ ಇಳಿಯಿತೆಂಬ ಸುದ್ದಿ ಸಂಜೆಯೇ ತಿಳಿದರೆ, ಮರುದಿನ ಯಾರ ಹೊಲದಲ್ಲಿ ಬೇಗ ಅಟ್ಟ ಏರಬೇಕೆಂದು ಗೊತ್ತಾಗುತ್ತದೆ. ಉಪಕಾರಿಯ ಸುದ್ದಿಯಂತೆ ಕಳ್ಳನ ಸುದ್ದಿಗೂ ಬೆಲೆಯುಂಟು.

ವಾಚಕ ಬಾಂಧವರೇ, ಇದಕ್ಕೆ ಖರ್ಚೆಂದರೆ ಒಂದು ವಹಿ ಮಾತ್ರ. ಕನ್ನಡ ಶಾಲೆಗೆ ಹೋಗುವ ಮಗಳೋ ಮಗನೋ ದಿನಾಂಕ ಹಾಕಿ ಬರೆಯಲಿ. ಕನ್ನಡದ ಹೆಸರಿನ ಮುಂದೆ ಮರಾಠಿಯ ಹೆಸರೂ ಇರಲಿ. ಗೂಗೆಗೆ ಘುಬಡ, ಕೇರೆಗೆ ಧಾಮಣ, ಮುಂಗುಲಿಗೆ ಮುಂಗೂಸ. ನೆರೆಹೊಲದ ಮರಾಠಿ ಗೆಳೆಯನನ್ನೂ ಕಟ್ಟೆಗೆ ಕರೆದರೆ ಅವನ ಸುದ್ದಿಯೂ ವಹಿಗೆ ಸೇರುತ್ತದೆ.

ನಮ್ಮ ಗೆಳೆಯ ಈ ವರ್ಷವೂ ಅದೇ ಅರ್ಧ ಎಕರೆಯಲ್ಲಿ ಉಳ್ಳಾಗಡ್ಡಿ ಹಚ್ಚಿದ್ದಾನೆ. ನುಸಿಯ ಕೆಲಸವನ್ನು ಹೂವಿಗೆ ಮೊದಲೇ ಮುಗಿಸಿದ. ನಿನ್ನೆ ಸಂಜೆ ಬದುವಿನಾಚೆಯವನು ಕಟ್ಟೆ ಏರುವ ಮೊದಲೇ ಕೂಗಿ ಹೇಳಿದ: “ತಮ್ಮಾ, ಬೇಲ್ಯಾಗ ಕೋಲುಜೇನು ಮತ್ತ ತಟ್ಟಿ ಕಟ್ಟೇತಿ!” ಬೀಜ ಎಷ್ಟು ಬಂದೀತೆಂದು ಸುಗ್ಗಿಗೆ ಮುಂಚೆ ಹೇಳಲಾಗದು. ಆದರೆ ಈ ಸಲ ಸುದ್ದಿ ತಡವಾಗಿ ಬರಲಿಲ್ಲ.